ಚೀಲಕ್ಕೊಂದು, ತೇವಕ್ಕರ್ಧ

ಯಸಳೂರಿನ ತೋಟಪ್ಪನವರಿಗೆ ನಿವೃತ್ತಿಯ ನಂತರ ಬಂದ ಕಷ್ಟ ಒಂದೇ: ತೂಗುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಹೊಂಗಡಹಳ್ಳದ ದಾರಿಯಲ್ಲಿದ್ದ ಎಸ್ಟೇಟೊಂದರಲ್ಲಿ ಅವರು ರೈಟರ್ ಆಗಿದ್ದವರು. ಕೊಯ್ಲಿನ ಕಾಲದಲ್ಲಿ ಆಳುಗಳು ಕಾಫಿ ಹಣ್ಣಿನ ಚೀಲ ಹೊತ್ತು ತಂದು ಸ್ಟೋರಿನ ಮುಂದೆ ಸಾಲಾಗಿ ನಿಂತರೆ, ತಕ್ಕಡಿಯ ಪಕ್ಕ ಕೂತು ತೂಕ ಕೂಗುವುದು ಅವರ ಕೆಲಸ. ಕೂಗುವ ಮೊದಲು ಚೀಲಕ್ಕೆಂದು ಒಂದು ಕೆಜಿ, ಹಣ್ಣಿನ ಮೇಲಿನ ತೇವಕ್ಕೆಂದು ಅರ್ಧ ಕೆಜಿ ಮನಸ್ಸಿನಲ್ಲೇ ಕಳೆದುಬಿಡಬೇಕು. ಅದು ಆ ಎಸ್ಟೇಟಿನ ಪದ್ಧತಿ. ಇಷ್ಟು ವರ್ಷ ಕಳೆದು ಕಳೆದು ಅದು ಅವರಿಗೆ ಉಸಿರಾಡಿದಷ್ಟೇ ಸಲೀಸಾಗಿ ಹೋಗಿತ್ತು.

ಇನ್ನೊಂದು ಪದ್ಧತಿ ಎಸ್ಟೇಟಿನದಲ್ಲ, ತೋಟಪ್ಪನವರ ಸ್ವಂತದ್ದು. ಹೊಸದಾಗಿ ಘಟ್ಟ ಹತ್ತಿ ಬಂದ ಆಳುಗಳಿಗೆ ಮೊದಲ ವಾರ ಕೈ ಓಡುವುದಿಲ್ಲ. ಅವರ ಚೀಲ ಬಂದಾಗ ರೈಟರು ಏನನ್ನೂ ಕಳೆಯುತ್ತಿರಲಿಲ್ಲ. ಕಳೆಯಬೇಕಾದಷ್ಟನ್ನೇ ಮೇಲೆ ಸೇರಿಸಿ ಕೂಗಿಬಿಡುತ್ತಿದ್ದರು. ಹೊಸಬರ ಮುಖ ಅರಳುತ್ತಿತ್ತು, ರೈಟರ ಮನಸ್ಸು ತಣ್ಣಗಾಗುತ್ತಿತ್ತು. ಕಾಫಿಗೂ ಇದರಿಂದ ಯಾವ ನೋವೂ ಆಗುತ್ತಿರಲಿಲ್ಲ.

ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಬೇಕಲ್ಲ? ಚಂದ್ರಯ್ಯನವರ ದಿನಸಿ ಅಂಗಡಿಗೆ ಹೋದರೆ ಬೆಲ್ಲದ ಪೊಟ್ಟಣವನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, "ಒಂಚೂರು ಕಮ್ಮಿ ಐತೆ ಚಂದ್ರಯ್ಯನೋರೆ, ಇನ್ನೊಂದು ಉಂಡೆ ಹಾಕಿ" ಎನ್ನುತ್ತಿದ್ದರು. ತೂಗಿ ನೋಡಿದರೆ ಕಮ್ಮಿಯೇ ಇರುತ್ತಿತ್ತು. ಚಂದ್ರಯ್ಯನವರು ಊರಿನಲ್ಲಿ ಹೆದರುತ್ತಿದ್ದದ್ದು ಇಬ್ಬರಿಗೆ: ಒಬ್ಬರು ತೋಟಪ್ಪನವರು, ಇನ್ನೊಬ್ಬರು ತಮ್ಮ ಸ್ವಂತ ಹೆಂಡತಿ ಸುಲೋಚನಮ್ಮ.

ಈ ಸುಲೋಚನಮ್ಮನವರು ತೊಟ್ಟಿಲು ಸೇವಾ ಸಂಘದ ಅಧ್ಯಕ್ಷೆ. ಸಂಘ ದೊಡ್ಡದೇನಲ್ಲ, ಸಮುದಾಯ ಭವನದ ಪಕ್ಕದ ಒಂದು ಕೋಣೆ. ಬಾಣಂತಿಯರಿಗೆ ಲೇಹ್ಯ, ಮಕ್ಕಳಿಗೆ ರಾಗಿ ಹುರಿಹಿಟ್ಟು, ಕೊಯ್ಲಿಗೆಂದು ದೂರದಿಂದ ಬಂದು ಎಸ್ಟೇಟ್ ಲೈನುಗಳ ಸಾಲುಮನೆಗಳಲ್ಲಿ ಇಳಿದ ಸಂಸಾರಗಳಿಗೆ ಕಂಬಳಿ, ಪಾತ್ರೆ. ಊರಿಗೆ ಮೊದಲ ಎಸ್‌ಟಿಡಿ ಬೂತ್ ಬಂದ ವರ್ಷ ಹಾಸನದ ದಾನಿಯೊಬ್ಬರು ಸಂಘಕ್ಕೆ ಮಕ್ಕಳನ್ನು ತೂಗುವ ತಕ್ಕಡಿ ಕೊಟ್ಟರು. ತೊಲೆಗೆ ನೇತುಹಾಕಿ, ಕೆಳಗೆ ಬಟ್ಟೆಯ ಜೋಳಿಗೆ ಕಟ್ಟಿ, ಅದರಲ್ಲಿ ಮಗುವನ್ನು ಕೂರಿಸುವಂಥದ್ದು. ಜೊತೆಗೆ ಹಸಿರು, ಹಳದಿ, ಕೆಂಪು ಪಟ್ಟೆಗಳ ದೊಡ್ಡ ಹಾಳೆ. ತೂಕ ಹಸಿರಿಗೆ ಬಂದರೆ ಮಗು ಚೆನ್ನಾಗಿದೆ, ಹಳದಿಗಿಳಿದರೆ ಸೊರಗಿದೆ, ಕೆಂಪಾದರೆ ಆಸ್ಪತ್ರೆ.

ತೂಗಿ ಹೇಳಿಕೊಡಬೇಕಾಗಿದ್ದ ನರ್ಸ್ ಚಂದ್ರಿಕಾ ಸಿಸ್ಟರು ಆ ತಿಂಗಳು ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದರು.

"ಸಿಸ್ಟರು ಬರೋ ಗಂಟ ಕಾಯಾಣ," ಎಂದರು ಸುಲೋಚನಮ್ಮ.

ಮೂಲೆಯಲ್ಲಿ ಕೂತಿದ್ದ ತೋಟಪ್ಪನವರಿಗೆ ಇದು ಮರ್ಮಕ್ಕೆ ತಾಗಿತು. ಎದ್ದು ನಿಂತು ಶಾಲು ಸರಿಮಾಡಿಕೊಂಡರು. "ಅಮ್ಮಾ, ಆನೆ ಒಂದು ಬುಟ್ಟು ಈ ಸೀಮೇಲಿ ನಾನು ತೂಗ್ದೆ ಇರೋದು ಯಾವುದೈತೆ? ಮುಳ್ಳು ನೋಡಕ್ಕೆ ತರಬೇತಿ ಬೇಕಾ? ಮುಖ ಸುಳ್ಳು ಹೇಳಬೌದು, ಮೈ ಸುಳ್ಳು ಹೇಳಬೌದು, ತೋಟಪ್ಪ ಕೂಗಿದ ತೂಕ ಸುಳ್ಳು ಹೇಳಿದ್ದು ಐತಾ?"

ಅಧ್ಯಕ್ಷೆ ಗಂಡನ ಮುಖ ನೋಡಿದರು. ಚಂದ್ರಯ್ಯನವರು ಬೆಲ್ಲದ ಪೊಟ್ಟಣಗಳನ್ನು ನೆನೆದು ತಲೆ ತಗ್ಗಿಸಿದರು. ತೋಟಪ್ಪನವರ ನೇಮಕವಾಯಿತು.

ಹೀಗೆ ಡಿಸೆಂಬರಿನ ಒಂದು ಭಾನುವಾರ ತೋಟಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಹಾಳೆಯಲ್ಲಿ ಚುಕ್ಕೆ ಇಡಲು ಹೆಂಡತಿ ಸರೋಜಮ್ಮ ಕೂತರು. ಜೋಳಿಗೆ ಕಟ್ಟಿದ ಮೇಲೂ ಮುಳ್ಳು ಸೊನ್ನೆಯಲ್ಲೇ ನಿಲ್ಲುವಂತೆ ಹಾಸನದಲ್ಲೇ ಹೊಂದಿಸಿ ಕಳಿಸಿದ್ದರು. ಅಂದರೆ ಏನನ್ನೂ ಕಳೆಯಬೇಕಾಗಿರಲಿಲ್ಲ. ಆದರೆ ಕುರ್ಚಿ, ತಕ್ಕಡಿ, ಎದುರಿಗೊಂದು ಸಾಲು ಮೂರೂ ಕೂಡಿಬಂದ ಮೇಲೆ ತೋಟಪ್ಪನವರಲ್ಲಿದ್ದ ರೈಟರು ತಾವಾಗಿಯೇ ಎದ್ದು ಕೂತರು. ಮೊದಲ ಮಗು ಜೋಳಿಗೆಯಲ್ಲಿ ಕೂತಿತು, ಮುಳ್ಳು ತಿರುಗಿತು. ಚೀಲಕ್ಕೊಂದು, ತೇವಕ್ಕರ್ಧ. ರೈಟರು ಉಳಿದದ್ದನ್ನು ಕೂಗಿದರು.

ತೇವದ ವಿಷಯದಲ್ಲಿ ಅವರಿಗೆ ಅನುಮಾನ ಬರಲು ಕಾರಣವೂ ಇರಲಿಲ್ಲ. ಎರಡನೆಯ ಮಗು ಜೋಳಿಗೆಯಲ್ಲೇ ಒಂದು ಮಾಡಿತ್ತು.

ಸ್ವಲ್ಪ ಹೊತ್ತಿಗೆ ಸರೋಜಮ್ಮ ಪೆನ್ಸಿಲ್ ಕೆಳಗಿಟ್ಟರು. "ಏನ್ರೀ ಇದು, ಎಲ್ಲಾ ಹಳದಿಗೇ ಬಂದು ಕೂರ್ತಾವಲ್ಲ? ಆ ಮಗು ಕೆನ್ನೆ ನೋಡಿ, ಎರಡು ಬನ್ನು ಇಟ್ಟಂಗೈತೆ!"

"ತಕ್ಕಡಿ ಹೇಳಿದ್ದು ಬರಿ. ಕೆನ್ನೆ ನೋಡಿ ಬರೀಬ್ಯಾಡ."

ಅಧ್ಯಕ್ಷೆಯ ಸೊಸೆ ಶಿವಲೀಲಾ ತನ್ನ ಗಂಡು ಮಗು ಸಿದ್ದುವನ್ನು ತಂದಳು. ವರ್ಷ ತುಂಬದ ಈ ಸಿದ್ದುವನ್ನು ಅಂಗಡಿಯಿಂದ ಭವನದವರೆಗೆ ಎತ್ತಿ ತರುವಾಗ ದಾರಿಯಲ್ಲಿ ತೋಳು ಬದಲಾಯಿಸಬೇಕಾಗಿತ್ತು. ಅವನನ್ನು ಕೂರಿಸಿದಾಗ ತೊಲೆ ಕಿರ್ರೆಂದಿತು. ರೈಟರು ಮುಳ್ಳು ನೋಡಿದರು, ಕಳೆದರು, ಕೂಗಿದರು. ಚುಕ್ಕೆ ಹಸಿರಿನ ಅಂಚಿನಿಂದ ಜಾರಿ ಹಳದಿಗೆ ಬಿತ್ತು. ಸುಲೋಚನಮ್ಮನವರು ಸೊಸೆಯ ಕಡೆ ತಿರುಗಿದರು. ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಅದರ ಅರ್ಥ ಮನೆಗೆ ಹೋದ ಮೇಲೆ ಮಾತಾಡುತ್ತಾರೆ ಎಂದು.

ಸಾಲಿನ ಕೊನೆಯಲ್ಲಿ ಹೊಸ ಮುಖವೊಂದು ನಿಂತಿತ್ತು. ಕೊಪ್ಪಳದ ಕಡೆಯಿಂದ ಕೊಯ್ಲಿಗೆಂದು ಲಾರಿಯಲ್ಲಿ ಬಂದು, ತೋಟಪ್ಪನವರ ಹಳೇ ಎಸ್ಟೇಟಿನ ಲೈನಿನಲ್ಲಿ ಇಳಿದಿದ್ದ ಹುಲಿಗೆವ್ವ. ಎದೆಗೆ ಅವಚಿಕೊಂಡಿದ್ದ ಹೆಣ್ಣು ಕೂಸು ದಪ್ಪನೆಯ ಕೌದಿಯೊಳಗೆ ಮುಚ್ಚಿಹೋಗಿತ್ತು. ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ಕೌದಿ ತೆಗೀಬೇಕೇನ್ರಿ? ಥಂಡಿ ಭಾಳ ಐತ್ರಿ, ಕೂಸಿಗೆ ತಡಿಯೂದಿಲ್ಲ."

"ಬ್ಯಾಡ ಬುಡಮ್ಮ, ಹಂಗೇ ಕೂರ್ಸು."

ಅವಳು ಕೂರಿಸಲಿಲ್ಲ. ದನಿ ತಗ್ಗಿಸಿ ಕೇಳಿದಳು: "ಯಪ್ಪಾ, ತೂಕ ಕಮ್ಮಿ ಬಂದ್ರ ನಮ್ಮನ್ನ ಹೊಳ್ಳಿ ಕಳಸ್ತಾರೇನ್ರಿ? ಬ್ಯಾನಿ ಕೂಸು ಇದ್ದವ್ರನ್ನ ಇಟ್ಕೊಳ್ಳಂಗಿಲ್ಲ ಅಂತ ಲಾರಿಯಾಗ ಅಂದ್ರು. ಊರಾಗ ಏನೂ ಇಲ್ರಿ ನಮಗ."

ತೋಟಪ್ಪನವರು ಆ ಮುಖವನ್ನು ಗುರುತಿಸಿದರು. ಹೆಸರು ಗೊತ್ತಿರಲಿಲ್ಲ, ಆದರೆ ಸ್ಟೋರಿನ ಮುಂದೆ ಮೊದಲ ವಾರದ ಚೀಲ ಇಳಿಸಿ ನಿಲ್ಲುವವರ ಮುಖ ಅದೇ. ಜೋಳಿಗೆಯ ಬಾಯಿ ಅಗಲಿಸಿ ಹಿಡಿದರು. ಹುಲಿಗೆವ್ವ ಕೂಸನ್ನು ಕೌದಿಯ ಸಮೇತ ಕೂರಿಸಿದಳು. ಮುಳ್ಳು ತಿರುಗಿತು. ರೈಟರು ಏನನ್ನೂ ಕಳೆಯಲಿಲ್ಲ. ಒಂದೂವರೆ ಕೆಜಿ ಸೇರಿಸಿ, ಬಾಗಿಲಾಚೆಗೂ ಕೇಳುವಂತೆ ಕೂಗಿದರು.

ಚುಕ್ಕೆ ಹಸಿರಿನ ನಟ್ಟನಡುವೆ ಬಿತ್ತು.

"ಮಗು ಗುಂಡುಕಲ್ಲಿನಂಗೈತೆ ಕಣಮ್ಮ. ಯಾರೂ ನಿನ್ನ ಎಲ್ಲಿಗೂ ಕಳ್ಸಲ್ಲ, ಹೋಗು."

ಹುಲಿಗೆವ್ವ ಅವರ ಕಾಲಿಗೆ ಬಗ್ಗಿದಳು. ತೋಟಪ್ಪನವರು ಆ ಸಂಜೆ ತುಂಬ ತೃಪ್ತಿಯಿಂದ ಊಟ ಮಾಡಿದರು. ನಮ್ಮಲ್ಲಿ ಒಳ್ಳೆಯವರು ಮಾಡುವ ಅನಾಹುತ ಹೀಗೇ ಆಗುತ್ತದೆ: ಮಾಡಿದ ದಿನ ನಿದ್ದೆ ಚೆನ್ನಾಗಿ ಬರುತ್ತದೆ.

ಮರುದಿನದಿಂದ ಯಸಳೂರು ಯಸಳೂರಾಗಿ ಉಳಿಯಲಿಲ್ಲ. ಊರಿನ ಮಕ್ಕಳೆಲ್ಲ ಸೊರಗಿವೆ ಎಂಬ ಸುದ್ದಿ ಮನೆಮನೆಗೆ ಹೋಯಿತು. ಹಾಲಿನವನು ನೀರು ಬೆರೆಸುತ್ತಾನೆ ಎಂದು ಒಂದು ಬೀದಿ, ನಲ್ಲಿಯ ನೀರೇ ಸರಿಯಿಲ್ಲ ಎಂದು ಇನ್ನೊಂದು ಬೀದಿ ತೀರ್ಮಾನಿಸಿತು. ಹಾಲಿನವನು ತನ್ನ ಮಗುವೂ ಹಳದಿಯೇ ಎಂದು ಆಣೆ ಮಾಡಿ ಬಚಾವಾದ. ಸಂಘದ ಹುರಿಹಿಟ್ಟೆಲ್ಲ ಹಳದಿ ಮಕ್ಕಳಿಗೆ ಹಂಚಿಹೋಯಿತು. ಮೊಟ್ಟೆ ತಿನ್ನುವವರ ಮನೆಯಲ್ಲಿ ಮೊಟ್ಟೆ, ತಿನ್ನದವರ ಮನೆಯಲ್ಲಿ ತುಪ್ಪ. ಮೊದಲೇ ಗುಂಡಗಿದ್ದ ಮಕ್ಕಳು ಕೂತಲ್ಲಿಂದ ಏಳಲಾರದೆ ಬಿಕ್ಕಳಿಸತೊಡಗಿದವು.

ಸುಲೋಚನಮ್ಮನವರ ಮನೆಯಲ್ಲಿ ವಿಷಯ ವಿಚಾರಣೆಯ ಮಟ್ಟಕ್ಕೆ ಹೋಯಿತು. "ದಿನಸಿ ಅಂಗಡಿ ಮನೇಲಿ ಹುಟ್ಟಿದ ಕೂಸು ಸೊರಗೈತೆ ಅಂದ್ರೆ ಜನ ನನ್ನ ಏನಂತಾರೆ? ಹಾಲು ಕುಡ್ಸೋದು ಬುಟ್ಟು ಟೀವಿ ನೋಡ್ತೀಯ!" ಎಂದು ಸೊಸೆಯ ಮೇಲೆ ಹರಿಹಾಯ್ದರು. ಶಿವಲೀಲಾ ಎಸ್‌ಟಿಡಿ ಬೂತಿಗೆ ಹೋಗಿ ಅತ್ತಳು. ಅವಳ ತಾಯಿ ಸುಮಿತ್ರಮ್ಮ ಕುಂದೂರಿನಿಂದ ತುಪ್ಪದ ಡಬ್ಬಿ ಹೊತ್ತು ಮೊದಲ ಬಸ್ಸಿಗೇ ಬಂದಿಳಿದರು.

"ನಮ್ಮ ಹುಡುಗಿ ಕೈಯಲ್ಲೇನೂ ದೋಷ ಇಲ್ಲ ಬೀಗರೆ. ನಿಮ್ಮ ಕಡೇರೇ ಸಣಕಲು. ಬೇಕಾರೆ ನಿಮ್ಮ ಯಜಮಾನ್ರನ್ನ ತೂಗಿ."

ಚಂದ್ರಯ್ಯನವರು ಅಂಗಡಿಯ ಹಿಂಬಾಗಿಲಿನಿಂದ ಹೊರಟುಹೋದರು.

ಇದಕ್ಕಿಂತ ದೊಡ್ಡ ಬೆರಗು ಲೈನಿನ ಕೂಸಿನದು. ಊರಿಗೆಲ್ಲ ಹಸಿರಾದದ್ದು ಅದೊಂದೇ ಎಂದ ಮೇಲೆ, ಸ್ಥಿತಿವಂತರ ಮನೆಯ ಹೆಂಗಸರು ಸ್ವೆಟರ್ ಹಾಕಿಕೊಂಡು ಲೈನಿಗೆ ನಡೆದರು. ಬಾಗಿಲಲ್ಲಿ ನಿಂತು ಇಣುಕಿದರು. ಒಳಗಿನ ಕತ್ತಲೆಯಲ್ಲಿ ಕೌದಿಯೊಂದೇ ಕಂಡಿತು.

"ಮಗೂಗೆ ಏನು ಕೊಡ್ತೀಯಮ್ಮ?"

ಹುಲಿಗೆವ್ವನಿಗೆ ನಾಚಿಕೆಯಾಯಿತು. "ಏನ್ ಕೊಡೂಣ್ರಿ. ಎದಿಹಾಲು ಬತ್ತ್ಯಾವ್ರಿ. ನುಚ್ಚಿನ ಗಂಜಿ ತಿಳಿ ಕುಡಿಸ್ತೀನ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ತುಪ್ಪದ ಜೊತೆಗೆ ಯಸಳೂರಿನ ಒಲೆಗಳ ಮೇಲೆ ಗಂಜಿ ತಿಳಿಯೂ ಕುದಿಯತೊಡಗಿತು. ಚಂದ್ರಯ್ಯನವರ ಅಂಗಡಿಯಲ್ಲಿ ಜೋಳದ ನುಚ್ಚು ಖಾಲಿಯಾಯಿತು. ಕೂಸು ಅಷ್ಟೇನೂ ದಪ್ಪಗಿಲ್ಲವಲ್ಲ ಎಂದು ಒಬ್ಬಾಕೆ ಅನುಮಾನಿಸಿದಾಗ ತೋಟಪ್ಪನವರು ಗಂಭೀರವಾಗಿ ಉತ್ತರಿಸಿದರು: "ಅದು ಮೂಳೆ ತೂಕ ಕಣಮ್ಮ. ಬಯಲುಸೀಮೆ ಮೂಳೆ. ಕಣ್ಣಿಗೆ ಕಾಣಲ್ಲ."

ಹಸಿರಿನಲ್ಲಿದ್ದ ಕೂಸಿಗೆ ಹುರಿಹಿಟ್ಟು ಕೊಡುವ ನಿಯಮ ಸಂಘದಲ್ಲಿರಲಿಲ್ಲ. ಹೀಗಾಗಿ ಊರೆಲ್ಲ ತಿಂದು ತೇಗುತ್ತಿದ್ದಾಗ, ಹಿಟ್ಟು ಸಿಗದೆ ಉಳಿದದ್ದು ಆ ಒಂದು ಕೂಸು ಮಾತ್ರ. ಇದನ್ನು ಬರೆಯುವಾಗ ನಗು ಬರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸಂಘದ ವಾರ್ಷಿಕೋತ್ಸವ. ಅದರಲ್ಲಿ ಆರೋಗ್ಯವಂತ ಶಿಶುವಿಗೆ ಬಹುಮಾನ: ಮಗುವಿಗೆ ಹಾಲು ಕುಡಿಸುವ ಒಂದು ಬೆಳ್ಳಿ ಒಳಲೆ. ಅಧ್ಯಕ್ಷೆಯವರು ಇದನ್ನು ಬಹಳ ಹಿಂದೆಯೇ, ಸಿದ್ದುವಿನ ಬಾಯಿಯ ಅಳತೆ ನೋಡಿ ಕೊಂಡಿದ್ದರು. ಆದರೆ ಚುಕ್ಕೆ ಹೇಳಿದ ಮೇಲೆ ಮುಗಿಯಿತು. ಗಂಟಲು ಸರಿಪಡಿಸಿಕೊಂಡು ಮೈಕಿನಲ್ಲಿ ಘೋಷಿಸಿದರು: "ಮೊದಲನೇ ಬಹುಮಾನ, ನಮ್ಮೂರಿಗೆ ಹೊಸದಾಗಿ ಬಂದಿರುವ ಹುಲಿಗೆವ್ವನವರ ಮಗು ಪಾರವ್ವ!"

ಹುಲಿಗೆವ್ವ ವೇದಿಕೆ ಹತ್ತಿದಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು, ಕೌದಿ ಒಗೆದಿದ್ದಳು. ಮುಖ್ಯ ಅತಿಥಿಗಳು ಮಹಾದೇವಯ್ಯನವರೆಂಬ ನಿವೃತ್ತ ಅಧಿಕಾರಿಗಳು. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಇಂಥದೇ ಬಹುಮಾನದ ಮಗುವನ್ನು ಎತ್ತಲು ಹೋಗಿ ಅವರ ಸೊಂಟ ಹಿಡಿದಿತ್ತು. ಆದ್ದರಿಂದ ಈ ಸಲ ಕಾಲು ಅಗಲಿಸಿ ನಿಂತು, ದೀರ್ಘವಾಗಿ ಉಸಿರೆಳೆದುಕೊಂಡರು.

"ಫೋಟೋಗೆ ಮಗು ಕಾಣಬೇಕಲ್ಲಮ್ಮ, ಕೌದಿ ತೆಗೀರಿ," ಎಂದು ತಾವೇ ಬಿಡಿಸಿ, ಎರಡೂ ಕೈ ಹಾಕಿ ಬಲವಾಗಿ ಎತ್ತಿದರು.

ಕೂಸು ಅವರ ತಲೆಯ ಮೇಲಕ್ಕೆ ಹೋಯಿತು. ಅಷ್ಟು ಎತ್ತರಕ್ಕೆ ಹೋಗುತ್ತದೆಂದು ಸ್ವತಃ ಅವರಿಗೇ ಗೊತ್ತಿರಲಿಲ್ಲ. ಅತಿಥಿಗಳು ಮಗುವನ್ನು ಆಡಿಸುತ್ತಿದ್ದಾರೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮಹಾದೇವಯ್ಯನವರು ನಗಲಿಲ್ಲ. ಮೆಲ್ಲಗೆ ಇಳಿಸಿ, ಪಕ್ಕದಲ್ಲಿದ್ದ ತೋಟಪ್ಪನವರ ತೋಳಿಗೆ ಕೊಟ್ಟು, "ಏನ್ರೀ ಇದು?" ಎಂದರು.

ತೋಟಪ್ಪನವರಿಗೆ ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ. ಬೆಲ್ಲದ ಪೊಟ್ಟಣದಲ್ಲಿ ಒಂದು ಉಂಡೆ ಕಮ್ಮಿಯಿದ್ದರೆ ತಿಳಿಯುತ್ತಿದ್ದ ಕೈ ಅದು. ಆ ಭಾನುವಾರ ಅವರು ಮುಳ್ಳು ನೋಡಿದ್ದರೇ ಹೊರತು ಒಂದು ಮಗುವನ್ನೂ ಮುಟ್ಟಿರಲಿಲ್ಲ. ಈಗ ತೋಳಿನ ಮೇಲೆ ಏನೂ ಇಟ್ಟಂತಿರಲಿಲ್ಲ. ಕೂಸು ಅಳುತ್ತಲೂ ಇರಲಿಲ್ಲ. ಮೈಕು ಪಕ್ಕದಲ್ಲೇ ಇತ್ತು.

"ಸಿಸ್ಟರೇ," ಎಂದರು. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು. "ಚಂದ್ರಿಕಾ ಸಿಸ್ಟರೇ, ಬ್ಯಾಗ ಬನ್ನಿ. ನಾನು ತಪ್ಪು ಕೂಗ್ಬುಟ್ಟೆ."

ತರಬೇತಿಯಿಂದ ಆ ವಾರವಷ್ಟೇ ಮರಳಿದ್ದ ಚಂದ್ರಿಕಾ ಸಿಸ್ಟರು ವೇದಿಕೆ ಹತ್ತಿ ಬಂದರು.

"ಎಲ್ಲಾ ಮಕ್ಕಳಿಗೂ ಒಂದೂವರೆ ಕೆಜಿ ಕಳೆದಿವ್ನಿ. ಚೀಲಕ್ಕೊಂದು, ತೇವಕ್ಕರ್ಧ. ಕೈ ಅಭ್ಯಾಸ. ಈ ಕೂಸಿಗೆ... ಹೊಸಬರು ಪಾಪ ಅಂತ ಸೇರಿಸಿವ್ನಿ."

ಸಭೆಯ ಎಲ್ಲ ಮೂಲೆಗಳಿಂದಲೂ ಒಟ್ಟಿಗೆ ಸದ್ದು ಎದ್ದಿತು.

"ನನ್ನ ಮೊಮ್ಮಗ ಏನು ಕಾಫಿ ಚೀಲವಾ ರೈಟ್ರೆ?" ಎಂದು ಸುಲೋಚನಮ್ಮ ಅಬ್ಬರಿಸಿದರು.

"ಹೇಳ್ನಿಲ್ವಾ ನಾನು? ಹುಡುಗಿ ಕೈಯಲ್ಲಿ ದೋಷ ಇಲ್ಲ ಅಂತ!" ಸುಮಿತ್ರಮ್ಮ ಕುರ್ಚಿಯ ಮೇಲೆ ಹತ್ತಿ ನಿಂತರು.

"ನನ್ನ ಹಾಲಿಗೆ ಯಾರು ಮಾನ ವಾಪಸ್ ಕೊಡ್ತೀರಿ?" ಎಂದ ಹಾಲಿನವನು. ಎಲ್ಲೋ ಒಂದು ಮಗು ಬಿಕ್ಕಳಿಸಿತು.

ಹುಲಿಗೆವ್ವನಿಗೆ ಈ ಗದ್ದಲದಲ್ಲಿ ಒಂದು ಮಾತು ಮಾತ್ರ ಅರ್ಥವಾಗಿತ್ತು: ತನ್ನ ಕೂಸಿನ ತೂಕ ಸೇರಿಸಿ ಕೂಗಿದ್ದು. ಅವಳು ಬೆಳ್ಳಿ ಒಳಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ತೋಟಪ್ಪನವರ ಹತ್ತಿರ ಬಂದಳು. ಕೂಗಲಿಲ್ಲ, ಬೈಯಲಿಲ್ಲ.

"ನನಗ ಗೊತ್ತಿತ್ರಿ ಯಪ್ಪಾ. ಎತ್ಕೊಂಡಾಗೆಲ್ಲ ಹಗರ ಅನಸ್ತಿತ್ತು. ಆಸ್ಪತ್ರಿಗೆ ಹೋಗೂಣು ಅಂತ ಗಂಡಗ ಅಂದಿದ್ನಿ. ಆದ್ರ ನೀವು ಚೊಲೋ ಐತಿ ಅಂದಿದ್ರೆಲ್ಲ. ದೊಡ್ಡವ್ರು ತೂಗಿ ಹೇಳ್ಯಾರ, ನನಗೇನ್ ತಿಳೀತೈತಿ ಅಂತ ಸುಮ್ನಾದ್ನಿ."

ಗದ್ದಲ ನಿಂತಿತು. ಊರಿನವರು ಬೈದದ್ದನ್ನೆಲ್ಲ ತೋಟಪ್ಪನವರು ತಡೆದುಕೊಂಡಿದ್ದರು. ಇದನ್ನು ತಡೆಯಲಾಗಲಿಲ್ಲ. ವೇದಿಕೆಯ ಮೇಲೆ, ಮುಖ್ಯ ಅತಿಥಿಗಳ ಪಕ್ಕದಲ್ಲಿ, ಹಿರಿಯ ಮನುಷ್ಯ ಬಿಕ್ಕಿ ಅತ್ತರು.

ಚಂದ್ರಿಕಾ ಸಿಸ್ಟರು ಅಷ್ಟರಲ್ಲಿ ಕೂಸಿನ ಚರ್ಮ ಹಿಡಿದು ನೋಡಿದ್ದರು. "ಅಳೋದು ಆಮೇಲೆ ರೈಟ್ರೆ. ಈಗಲೇ ಸಕಲೇಶಪುರಕ್ಕೆ ಹೋಗ್ಬೇಕು. ಗಾಡಿ ನೋಡಿ."

ಸುಲೋಚನಮ್ಮನವರ ಒಂದು ಗುಣ ಹೇಳಲೇಬೇಕು: ಅವರು ಯಾವ ಕೋಪವನ್ನೂ ಪೋಲು ಮಾಡುತ್ತಿರಲಿಲ್ಲ. ತೋಟಪ್ಪನವರ ಮೇಲಿನದನ್ನೆಲ್ಲ ಗಂಡನ ಕಡೆಗೆ ತಿರುಗಿಸಿದರು. "ನಿಂತು ನೋಡ್ತಿದೀರಲ್ಲ, ಜೀಪ್ ತೆಗೀರಿ! ಹಿಂದಿನ ಮೂಟೆ ಎಲ್ಲಾ ಕೆಳಕ್ಕಾಕಿ!" ಸಕ್ಕರೆ ಮೂಟೆಗಳು ಬೀದಿಗೆ ಬಿದ್ದವು. ಶಿವಲೀಲಾ ಸಿದ್ದುವನ್ನು ತಾಯಿಗೆ ಕೊಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಜೀಪಿನಲ್ಲಿ ಹುಲಿಗೆವ್ವನ ಪಕ್ಕ ಕೂತು ಪಾರವ್ವನನ್ನು ಸೆರಗಿನೊಳಗೆ ತೆಗೆದುಕೊಂಡಳು. ತುಪ್ಪ ತಿಂದು ತಿಂದು ಅವಳಿಗೆ ಎದೆಹಾಲಿಗೇನೂ ಕೊರತೆಯಿರಲಿಲ್ಲ. ಕೂಸು ಮೊದಲು ಬಾಯಿ ಹಾಕಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಹಾಕಿತು. ಮುಂದಿನ ಸೀಟಿನಲ್ಲಿದ್ದ ತೋಟಪ್ಪನವರು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಪಾರವ್ವ ಬಹಳ ದಿನ ಆಸ್ಪತ್ರೆಯಲ್ಲಿದ್ದಳು. ಸಂಘದ ಹೆಂಗಸರು ಸರದಿಯ ಮೇಲೆ ಬಸ್ಸಿನಲ್ಲಿ ಊಟ ಒಯ್ದರು. ಹುಲಿಗೆವ್ವನ ಗಂಡನನ್ನು ವಾಪಸ್ ಕಳಿಸುವ ಮಾತು ಎತ್ತಿದ ಎಸ್ಟೇಟಿನ ಆಳುಗಳ ಮೇಸ್ತ್ರಿಯನ್ನು ಸುಲೋಚನಮ್ಮ ಅಂಗಡಿಗೇ ಕರೆಸಿದರು. ಅಲ್ಲಿ ಏನು ನಡೆಯಿತೋ ತಿಳಿಯದು, ಮೇಸ್ತ್ರಿ ಮರುದಿನ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದ. ಹಸಿರಾಗಲಿ ಹಳದಿಯಾಗಲಿ, ಹೊಸದಾಗಿ ಬಂದವರ ಮಕ್ಕಳಿಗೆ ಹುರಿಹಿಟ್ಟು ಮೊದಲು ಎಂದು ಸಂಘದಲ್ಲಿ ಹೊಸ ನಿಯಮವಾಯಿತು. ತೋಟಪ್ಪನವರು ಮನೆಯಿಂದ ಹೊರಗೆ ಬರುವುದನ್ನು ಬಿಟ್ಟರು. ಬೆಲ್ಲವನ್ನು ಸರೋಜಮ್ಮನೇ ತರುತ್ತಿದ್ದರು, ಪೊಟ್ಟಣ ಹಗುರವಾಗಿದ್ದರೂ ಗಂಡ ಏನೂ ಹೇಳುತ್ತಿರಲಿಲ್ಲ.

ಮಾರ್ಚಿನಲ್ಲಿ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದ ವಾರ ಮತ್ತೆ ತೂಗುವ ಭಾನುವಾರ ಬಂತು. ಸರೋಜಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಗಂಡನ ಮುಂದೆ ಹಿಡಿದರು. "ನಡೀರಿ. ತಕ್ಕಡಿ ತೊಲೆಗೆ ಕಟ್ಟಕ್ಕೆ ಒಂದಾಳು ಬೇಕಂತೆ. ತೂಗಕ್ಕೆ ಅಲ್ಲ, ಬರೀ ಕಟ್ಟಕ್ಕೆ."

ತೋಟಪ್ಪನವರು ಕಟ್ಟಿ, ಗೋಡೆಗೆ ಒರಗಿ ನಿಂತರು. ಮುಳ್ಳಿನ ಎದುರು ಚಂದ್ರಿಕಾ ಸಿಸ್ಟರು ಕೂತಿದ್ದರು. ಸಾಲಿನಲ್ಲಿ ಹುಲಿಗೆವ್ವ ಬಂದಳು. ಕೌದಿಯಿರಲಿಲ್ಲ. ಅವಳು ಜೋಳಿಗೆಯ ಕಡೆ ಹೋಗದೆ ನೇರವಾಗಿ ಗೋಡೆಯ ಹತ್ತಿರ ಹೋಗಿ ಕೂಸನ್ನು ಮುಂದಕ್ಕೆ ಚಾಚಿದಳು.

"ಮೊದ್ಲ ನೀವು ಹಿಡೀರಿ ಯಪ್ಪಾ."

"ನಾನು ಬ್ಯಾಡ ಕಣವ್ವ. ಸಿಸ್ಟರು ಅವ್ರೆ, ತಕ್ಕಡಿ ಐತೆ."

"ತಕ್ಕಡಿ ಆಮ್ಯಾಲೆ ನೋಡೂಣ್ರಿ. ಹಿಡೀರಿ."

ಹಿಡಿದರು. ಕೈ ತುಸು ಕೆಳಗಿಳಿಯಿತು. ಅಷ್ಟು ಇಳಿಯುತ್ತದೆಂದು ಅವರು ಎಣಿಸಿರಲಿಲ್ಲ, ಗಾಬರಿಯಾಗಿ ಎದೆಗೆ ಅವಚಿಕೊಂಡರು. ಪಾರವ್ವ ಅವರ ಮೂಗು ಹಿಡಿದೆಳೆದಳು. ಆಮೇಲೆ ಬಿಳಿ ಅಂಗಿಯ ಮೇಲೆ, ಜೇಬಿನಿಂದ ಶುರುವಾಗಿ ಕೆಳಗಿನವರೆಗೆ, ಧಾರಾಳವಾಗಿ ಒಂದು ಮಾಡಿದಳು.

ಸರೋಜಮ್ಮ ಪೆನ್ಸಿಲ್ ಎತ್ತಿ, ಮುಖ ಗಂಟಿಕ್ಕಿ ಕೇಳಿದರು: "ರೈಟ್ರೆ, ತೇವಕ್ಕೆ ಎಷ್ಟು ಕಳೀಬೇಕು?"

ತೋಟಪ್ಪನವರ ಕಣ್ಣಿನಿಂದಲೂ ನೀರು ಅಂಗಿಯ ಮೇಲೆ ಬೀಳುತ್ತಿತ್ತು. ಕೂಸನ್ನು ಅವರು ಕೆಳಗಿಳಿಸಲಿಲ್ಲ.

"ಏನೂ ಕಳೀಬ್ಯಾಡ ಕಣೇ," ಎಂದರು. "ಎಲ್ಲಾ ಅವಳದೇ."